ಡಬ್ಬಿ ಹಾಲು ಒಗ್ಗದ ಕೂಸಿಗೆ ಹಾಲೂಡಿಸುವುದು: ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ನನ್ನ ಮಗಳು ಏಳು ವಾರದವಳಿದ್ದಾಗ, ಒಂದು ನಸುಕಿನಲ್ಲಿ ಬಟ್ಟೆ ಬದಲಿಸಲು ಎದ್ದವಳಿಗೆ ಹಳದಿ ಮಲದ ನಡುವೆ ಲೋಳೆಗೆ ಅಂಟಿಕೊಂಡ ಎರಡು ಮೂರು ಕೆಂಪು ಎಳೆಗಳು ಕಂಡವು. ಕುಂಚಿಗೆಯ ದಾರ ಬಿಚ್ಚಿ ಬಿದ್ದಿರಬೇಕೆಂದು ಬೆರಳಿನಿಂದ ಎತ್ತಲು ಹೋದೆ. ಅದು ದಾರವಾಗಿರಲಿಲ್ಲ, ರಕ್ತವಾಗಿತ್ತು. ಎದೆಹಾಲು ಸಾಲುತ್ತಿಲ್ಲವೆಂದು ಡಬ್ಬಿ ಹಾಲು ಆರಂಭಿಸಿ ಆಗ ಹದಿನೆಂಟು ದಿನಗಳಾಗಿದ್ದವು. ಆಮೇಲಿನ ಮೂರು ವಾರಗಳಲ್ಲಿ ನಾವು ಮೂರು ಬೇರೆ ಬೇರೆ ಕಂಪನಿಗಳ ಡಬ್ಬಿ ತಂದೆವು, ಗ್ರೈಪ್ ವಾಟರ್ ಕುಡಿಸಿದೆವು, ಬಜೆ ತೇಯ್ದು ನೆಕ್ಕಿಸಿದೆವು. ಕೂಸಿನ ತೂಕ ಮಾತ್ರ ಏರಲಿಲ್ಲ. ಮೂರೂ ಡಬ್ಬಿಗಳಲ್ಲಿದ್ದುದು ಒಂದೇ ಆಕಳ ಹಾಲಿನ ಪ್ರೋಟೀನು ಎಂಬುದನ್ನು ಧಾರವಾಡದ ಮಕ್ಕಳ ಡಾಕ್ಟರೊಬ್ಬರು ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ನನ್ನಿಂದಲೇ ಓದಿಸಿ ತೋರಿಸಿಕೊಟ್ಟರು.

ಹಾಲು ಒಗ್ಗುತ್ತಿಲ್ಲವೆಂದು ಅನಿಸಿದಾಗ ಡಬ್ಬಿ ಬದಲಿಸುವುದು ಮೊದಲ ಕೆಲಸವಲ್ಲ; ಹಾಲಿನಲ್ಲಿರುವ ಯಾವ ಅಂಶ ಒಗ್ಗುತ್ತಿಲ್ಲ ಎಂಬುದನ್ನು ತಿಳಿಯುವುದು ಮೊದಲ ಕೆಲಸ. ನಾವು ಹಿಂದುಮುಂದಾಗಿ ಮಾಡಿದ್ದನ್ನು ಸರಿಯಾದ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ. ಇದರಲ್ಲಿರುವ ಪ್ರತಿ ಹೆಜ್ಜೆಯನ್ನೂ ನಿಮ್ಮ ಕೂಸನ್ನು ಕಣ್ಣಾರೆ ಕಂಡ ಮಕ್ಕಳ ಡಾಕ್ಟರ ಸಲಹೆಯೊಂದಿಗೆ ಇಡಬೇಕು.

ಮನೆಯಲ್ಲಿ ಕಾಯಬಾರದ ಲಕ್ಷಣಗಳು

ಹಾಲು ಕುಡಿದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಮೇಲೆ ಗಂಧೆಗಳೆದ್ದು ತುಟಿ ಅಥವಾ ಕಣ್ಣಿನ ಸುತ್ತ ಬಾತರೆ, ಉಸಿರಿನಲ್ಲಿ ಸುಂಯ್ ಎಂಬ ಸದ್ದು ಬಂದರೆ, ಕೂಸು ಬಿಳಿಚಿಕೊಂಡು ಕೈಯಲ್ಲಿ ಜೋತು ಬಿದ್ದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಕುಡಿದ ಒಂದರಿಂದ ನಾಲ್ಕು ಗಂಟೆಗಳ ನಡುವೆ ಮೇಲಿಂದ ಮೇಲೆ ವಾಂತಿಯಾಗಿ ಕೂಸು ಮಂಕಾಗುವುದೂ ಒಂದು ಬಗೆಯ ಹಾಲಿನ ಅಲರ್ಜಿಯೇ. ಗಂಧೆ ಇಲ್ಲವೆಂದು ಅದನ್ನು ಹಗುರಾಗಿ ಎಣಿಸಬಾರದು. ಹಸಿರು ಬಣ್ಣದ ವಾಂತಿ, ಮೊದಲ ಎರಡು ತಿಂಗಳಲ್ಲಿ ಪ್ರತಿ ಸಲ ಕುಡಿದ ಮೇಲೂ ದೂರಕ್ಕೆ ಚಿಮ್ಮುವ ವಾಂತಿ, ಮಲದಲ್ಲಿ ಹೆಚ್ಚು ರಕ್ತ, ಕುಳಿಬಿದ್ದ ನೆತ್ತಿ, ಆರರಿಂದ ಎಂಟು ಗಂಟೆ ಮೂತ್ರವಾಗದಿರುವುದು, ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ, ಇವುಗಳಲ್ಲಿ ಯಾವುದೊಂದು ಕಂಡರೂ ರಾತ್ರಿಯಾದರೂ ಸರಿ, ಹೊರಡಬೇಕು. ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ, ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯಲ್ಲಿ, ಗದಗ ಮತ್ತು ಹಾವೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗಗಳಿವೆ. ಹೊರಡುವಾಗ ತಾಯಿ ಕಾರ್ಡು ಮತ್ತು ಕುಡಿಸುತ್ತಿರುವ ಹಾಲಿನ ಡಬ್ಬಿ ಎರಡನ್ನೂ ಚೀಲದಲ್ಲಿ ಹಾಕಿಕೊಳ್ಳಿ.

ಹುಟ್ಟಿದ ಮೊದಲ ವಾರಗಳಲ್ಲೇ ಕಾಮಾಲೆ ಇಳಿಯದೆ, ವಾಂತಿಯಾಗುತ್ತ ಕೂಸು ಸೊರಗುತ್ತಿದ್ದರೆ ಗ್ಯಾಲಕ್ಟೋಸೀಮಿಯಾ ಎಂಬ ಅಪರೂಪದ ಹುಟ್ಟು ರೋಗವನ್ನು ಡಾಕ್ಟರು ಪರೀಕ್ಷಿಸುತ್ತಾರೆ. ಆ ರೋಗವಿದ್ದ ಕೂಸಿಗೆ ಎದೆಹಾಲೂ ಕೂಡದು.

ಹೆಜ್ಜೆ 1: ಹಾಲು ಬೆರೆಸುವ ರೀತಿಯನ್ನೇ ಮೊದಲು ನೋಡಿ

ಒಗ್ಗುತ್ತಿಲ್ಲವೆಂದು ದೂರುವ ಎಷ್ಟೋ ಡಬ್ಬಿಗಳ ತಪ್ಪು ಡಬ್ಬಿಯಲ್ಲಿರುವುದಿಲ್ಲ. ನಮ್ಮಲ್ಲಿ ಸಿಗುವ ಸಾಮಾನ್ಯ ಹಾಲಿನ ಪುಡಿಗಳಲ್ಲಿ ಹೆಚ್ಚಿನವಕ್ಕೆ 30 ಮಿ.ಲೀ. ನೀರಿಗೆ ಒಂದು ಅಳತೆ ಚಮಚ ಪುಡಿ ಎಂಬ ಲೆಕ್ಕವಿದೆ, ಆದರೆ ಎಲ್ಲಕ್ಕೂ ಅದೇ ಅಲ್ಲ. ಆಯಾ ಡಬ್ಬಿಯ ಲೆಕ್ಕವನ್ನು ಆಯಾ ಡಬ್ಬಿಯೊಳಗಿನ ಚಮಚದಿಂದಲೇ ಪಾಲಿಸಬೇಕು. ಮೊದಲು ನೀರನ್ನು ಅಳೆದು ಹಾಕಿ, ಆಮೇಲೆ ಪುಡಿ ಹಾಕಿ. ಚಮಚವನ್ನು ಪುಡಿಯೊಳಗೆ ಒತ್ತದೆ ಸಡಿಲವಾಗಿ ತುಂಬಿ, ಒಣಗಿದ ಚಾಕುವಿನ ಬೆನ್ನಿನಿಂದ ಅಂಚಿಗೆ ಸಮನಾಗಿ ಸವರಬೇಕು. ನಾನು ಇಪ್ಪತ್ತು ದಿನ ಗೋಪುರ ಚಮಚ ಹಾಕುತ್ತಿದ್ದೆ. ಒಂದು ದಿನ ಸವರಿ ಬಿದ್ದ ಪುಡಿಯನ್ನು ಬೇರೆ ತಟ್ಟೆಯಲ್ಲಿ ಕೂಡಿಸಿ ನೋಡಿದಾಗ, ನಾಲ್ಕು ಚಮಚದ ಮೇಲಿನ ಗೋಪುರಗಳೇ ಒಂದು ಚಮಚಕ್ಕಿಂತ ಹೆಚ್ಚಾಗಿದ್ದವು. ಗಟ್ಟಿಯಾದ ಹಾಲಿನಿಂದ ಮಲಬದ್ಧತೆಯಾಗುತ್ತದೆ, ಮೈಯ ನೀರು ಕಡಿಮೆಯಾಗುತ್ತದೆ; ಪುಡಿ ಉಳಿಸಲೆಂದು ತೆಳ್ಳಗೆ ಬೆರೆಸಿದರೆ ಕೂಸು ಹಸಿದು ಅಳುತ್ತದೆ, ತೂಕ ನಿಲ್ಲುತ್ತದೆ. ಸಕ್ಕರೆ, ಬಿಸ್ಕತ್ತು, ಅಕ್ಕಿ ಹಿಟ್ಟು ಯಾವುದನ್ನೂ ಬಾಟಲಿಗೆ ಸೇರಿಸಬಾರದು.

ನೀರಿನ ಮಾತನ್ನು ನಮ್ಮ ಭಾಗದವರು ಸ್ವಲ್ಪ ಹೆಚ್ಚೇ ಆಡಬೇಕಾಗಿದೆ. ಹುಬ್ಬಳ್ಳಿ-ಧಾರವಾಡದ ಅನೇಕ ಬಡಾವಣೆಗಳಲ್ಲಿ ನಳದ ನೀರು ದಿನಾಲೂ ಬರುವುದಿಲ್ಲ. ಬಂದ ದಿನ ಟಾಕಿ, ಬ್ಯಾರಲ್ಲು, ಕೊಡಗಳಲ್ಲಿ ತುಂಬಿಟ್ಟು ದಿನಗಟ್ಟಲೆ ಬಳಸುತ್ತೇವೆ. ಹಾಗೆ ನಿಂತ ನೀರಿನಿಂದ ಆದ ಭೇದಿಯನ್ನು ಹಾಲು ಒಗ್ಗದಿರುವುದೆಂದು ತಿಳಿಯುವ ಸಂಭವ ಬಹಳ. ಕೂಸಿನ ನೀರಿಗೆಂದೇ ಮುಚ್ಚಳವಿರುವ, ನಳವಿರುವ ಒಂದು ಸ್ಟೀಲ್ ಪಾತ್ರೆಯನ್ನು ಬೇರೆ ಇಡಿ, ಅದರೊಳಗೆ ಯಾರ ಕೈಯೂ ಇಳಿಯದಿರಲಿ. ಗದಗ ಜಿಲ್ಲೆಯ ಮುಂಡರಗಿಯ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಕೊನೆಯ ಮಿತಿ. ಕುದಿಸುವುದರಿಂದ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಅಂಥ ಊರಿನವರು ಶುದ್ಧ ನೀರಿನ ಘಟಕದಿಂದ ತಂದ ನೀರನ್ನೇ ಕುದಿಸಿ ಬಳಸಬೇಕು.

ಹಾಲಿನ ಪುಡಿ ಕ್ರಿಮಿರಹಿತವಲ್ಲವೆಂಬ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿಲ್ಲದ ನೀರಿನಲ್ಲಿ ಪುಡಿ ಬೆರೆಸಿ, ಆಮೇಲೆ ತಣಿಸಿ ಕುಡಿಸಲು ಹೇಳುತ್ತದೆ. ಕೆಲವು ವಿಶೇಷ ಪುಡಿಗಳು ಅಷ್ಟು ಬಿಸಿಗೆ ಕೆಡುವುದರಿಂದ ಡಬ್ಬಿಯ ಮೇಲೆ ಬೇರೆ ಸೂಚನೆ ಇರುವುದುಂಟು. ಆಗ ಕುದಿಸಿ ಆರಿಸಿದ ನೀರನ್ನು ಡಬ್ಬಿ ಹೇಳಿದಂತೆ ಬಳಸಿ, ಡಾಕ್ಟರನ್ನು ಕೇಳಿ. ಬೆರೆಸಿದ ಹಾಲನ್ನು ಎರಡು ಗಂಟೆಯೊಳಗೆ ಕುಡಿಸಬೇಕು, ಕುಡಿದು ಉಳಿದದ್ದನ್ನು ಚೆಲ್ಲಬೇಕು. ಥರ್ಮಾಸಿನಲ್ಲಿ ಬಿಸಿನೀರು ಇಟ್ಟುಕೊಳ್ಳಬಹುದು, ಬೆರೆಸಿದ ಹಾಲನ್ನು ಇಡಬಾರದು. ಬಾಟಲಿಗಿಂತ ಒಳಲೆಯಾಗಲಿ, ಸಣ್ಣ ವಾಟಿ ಮತ್ತು ಚಮಚವಾಗಲಿ ತೊಳೆಯಲು ಸುಲಭ, ಮೂಲೆಗಳಲ್ಲಿ ಹಾಲಿನ ಪಸೆ ನಿಲ್ಲುವುದಿಲ್ಲ. ಅಜ್ಜಿಯ ಕಾಲದ ಬೆಳ್ಳಿಯ ಒಳಲೆಯಾದರೂ ಪ್ರತಿ ಸಲ ತೊಳೆದು, ಹತ್ತು ನಿಮಿಷ ನೀರಿನಲ್ಲಿ ಕುದಿಸಲೇಬೇಕು.

ಪ್ರಮಾಣವನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. ಮೊದಲ ಆರು ತಿಂಗಳಲ್ಲಿ ಡಬ್ಬಿ ಹಾಲನ್ನೇ ಕುಡಿಯುವ ಕೂಸಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ ಸುಮಾರು 150 ಮಿ.ಲೀ. ಬೇಕು. ಐದು ಕಿಲೋ ಕೂಸಿಗೆ 750 ಮಿ.ಲೀ., ಎಂದರೆ ಏಳೆಂಟು ಸಲ ನೂರರ ಆಸುಪಾಸು. ಅಳುವ ಕೂಸಿಗೆಲ್ಲ ಹಸಿವೆಂದು ಇದರ ಒಂದೂವರೆ ಪಟ್ಟು ಕುಡಿಸಿದರೆ ಆರೋಗ್ಯವಂತ ಕೂಸೂ ಕಕ್ಕುತ್ತದೆ.

ಕಕ್ಕುವುದೆಲ್ಲ ಅಲರ್ಜಿಯೂ ಅಲ್ಲ. ತೂಕ ಏರುತ್ತ, ನಗುತ್ತ, ಆಡುತ್ತಿರುವ ಕೂಸು ತೇಗಿನೊಂದಿಗೆ ಸ್ವಲ್ಪ ಹಾಲು ಕಕ್ಕುವುದು ನಾಲ್ಕನೆಯ ತಿಂಗಳ ಸುಮಾರಿಗೆ ಹೆಚ್ಚಿ, ವರ್ಷ ತುಂಬುವುದರೊಳಗೆ ತಾನಾಗಿ ನಿಲ್ಲುತ್ತದೆ. ಸಂಜೆಯ ಹೊತ್ತು ಬಿಡದೆ ಅಳುವುದು ಆರನೆಯ ವಾರಕ್ಕೆ ಜೋರಾಗಿ ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಕಕ್ಕುವುದರ ಜೊತೆ ತೂಕ ನಿಂತಿದ್ದರೆ, ರಕ್ತವಿದ್ದರೆ, ಮೈಮೇಲೆ ವಾಸಿಯಾಗದ ಇಸುಬು ಇದ್ದರೆ ಮುಂದಿನ ಹೆಜ್ಜೆಗೆ ಹೋಗಬೇಕು.

ಹೆಜ್ಜೆ 2: ಏಳು ದಿನ ಬರೆದಿಡಿ

ಒಂದು ನೂರು ಪುಟದ ನೋಟ್‌ಬುಕ್ ತೊಟ್ಟಿಲಿನ ಹತ್ತಿರವೇ ಇರಲಿ. ಕುಡಿಸಿದ ಹೊತ್ತು, ಎಷ್ಟು ಮಿ.ಲೀ., ಕಕ್ಕಿದರೆ ಎಷ್ಟು ಹೊತ್ತಿಗೆ, ಮಲ ಹೇಗಿತ್ತು, ಒದ್ದೆ ಬಟ್ಟೆ ಎಷ್ಟು, ಮೈಮೇಲೆ ಏನಾದರೂ ಕಂಡಿತೇ, ಇಷ್ಟನ್ನು ಆಗಿಂದಾಗ್ಗೆ ಗುರುತಿಸಬೇಕು. ದಿನಕ್ಕೆ ಆರಕ್ಕಿಂತ ಕಡಿಮೆ ಒದ್ದೆ ಬಟ್ಟೆಯಾದರೆ ಕೂಸಿಗೆ ಹಾಲು ಸಾಲುತ್ತಿಲ್ಲ. ಮಲದ ಫೋಟೋ ತೆಗೆದಿಡಿ, ಸಂಕೋಚ ಬೇಡ. ಡಾಕ್ಟರಿಗೆ ಹತ್ತು ಮಾತಿಗಿಂತ ಒಂದು ಫೋಟೋ ಹೆಚ್ಚು ತಿಳಿಸುತ್ತದೆ. ವಾರಕ್ಕೊಮ್ಮೆ ಅಂಗನವಾಡಿಯಲ್ಲಿ ಅಥವಾ ಆರೋಗ್ಯ ಕೇಂದ್ರದಲ್ಲಿ ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿಸಿ ತಾಯಿ ಕಾರ್ಡಿನಲ್ಲಿ ಬರೆಸಿ. ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಬೇಕು.

ಈ ವಾರದಲ್ಲಿ ಬೇರೆ ಏನನ್ನೂ ಬದಲಿಸಬೇಡಿ. ಗ್ರೈಪ್ ವಾಟರ್, ಬಜೆ, ಜಾಯಿಕಾಯಿ ಎಲ್ಲವನ್ನೂ ನಿಲ್ಲಿಸಿ. ಅವು ನಡುವೆ ಇದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಜೇನುತುಪ್ಪವನ್ನು ವರ್ಷ ತುಂಬುವ ತನಕ ಬೆರಳ ತುದಿಯಷ್ಟೂ ನೆಕ್ಕಿಸಬಾರದು, ಅದರಿಂದ ಬಾಟುಲಿಸಂ ಎಂಬ ಪ್ರಾಣಕ್ಕೆ ಎರವಾಗುವ ಕಾಯಿಲೆ ಬರಬಹುದು.

ಹೆಜ್ಜೆ 3: ಪ್ರೋಟೀನೋ, ಹಾಲಿನ ಸಕ್ಕರೆಯೋ

ಮನೆಯವರಿಗೂ ಮೆಡಿಕಲ್ ಅಂಗಡಿಯವರಿಗೂ ಅತಿ ಹೆಚ್ಚು ಗೊಂದಲವಾಗುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿ.

ಹಾಲಿನಲ್ಲಿ ಪ್ರೋಟೀನಿದೆ, ಲ್ಯಾಕ್ಟೋಸ್ ಎಂಬ ಸಕ್ಕರೆಯೂ ಇದೆ. ಪ್ರೋಟೀನನ್ನು ಮೈಯ ರೋಗನಿರೋಧಕ ವ್ಯವಸ್ಥೆ ಶತ್ರುವೆಂದು ತಿಳಿದು ಎದುರಿಸಿದರೆ ಅದು ಅಲರ್ಜಿ. ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಕರುಳಿನಲ್ಲಿ ಸಾಲದಿದ್ದರೆ ಅದು ಅಜೀರ್ಣ, ಅಲರ್ಜಿಯಲ್ಲ. ಎರಡಕ್ಕೂ ಔಷಧ ಬೇರೆ, ಡಬ್ಬಿಯೂ ಬೇರೆ.

ಹುಟ್ಟಿನಿಂದಲೇ ಲ್ಯಾಕ್ಟೋಸ್ ಅರಗದಿರುವುದು ತೀರ ಅಪರೂಪ. ನಾವು ಕಾಣುವುದು ಹೆಚ್ಚಾಗಿ ವಾಂತಿಭೇದಿಯ ನಂತರ ಬರುವಂಥದು: ಕರುಳಿನ ಒಳಪದರು ಸವೆದು ಕಿಣ್ವ ಕಡಿಮೆಯಾಗಿ, ಮಲ ನೀರಾಗಿ, ನೊರೆನೊರೆಯಾಗಿ, ಹುಳಿ ವಾಸನೆಯಿಂದ ಕೂಡಿ, ಗುದದ ಸುತ್ತ ಚರ್ಮ ಕೆಂಪಾಗುತ್ತದೆ. ರಕ್ತವಾಗಲಿ, ಗಂಧೆಯಾಗಲಿ ಇರುವುದಿಲ್ಲ. ಕರುಳು ಮಾಗಿದಂತೆ ಇದು ಕೆಲವು ವಾರಗಳಲ್ಲಿ ಹೋಗುತ್ತದೆ. ಎದೆಹಾಲಿನಲ್ಲೂ ಲ್ಯಾಕ್ಟೋಸ್ ಇದೆಯೆಂದು ಎದೆಹಾಲು ಬಿಡಿಸಬಾರದು. ಡಾಕ್ಟರು ಓಆರ್‌ಎಸ್ ಮತ್ತು ಸತುವಿನ ಔಷಧ ಕೊಡುತ್ತಾರೆ, ಡಬ್ಬಿ ಹಾಲಿನ ಕೂಸಿಗೆ ಬೇಕಾದರೆ ಕೆಲವು ವಾರ ಲ್ಯಾಕ್ಟೋಸ್ ಇಲ್ಲದ ಪುಡಿ ಬರೆದುಕೊಡುತ್ತಾರೆ.

ಪ್ರೋಟೀನಿನ ಅಲರ್ಜಿಯಲ್ಲಿ ಎರಡು ಬಗೆ. ಒಂದು ಎರಡು ಗಂಟೆಯೊಳಗೆ ಗಂಧೆ, ಬಾವು, ಉಬ್ಬಸದೊಂದಿಗೆ ಬರುವಂಥದು. ಇದನ್ನು ರಕ್ತ ಪರೀಕ್ಷೆಯಿಂದಲೋ ಚರ್ಮದ ಚುಚ್ಚು ಪರೀಕ್ಷೆಯಿಂದಲೋ ಗುರುತಿಸಲು ನೆರವು ಸಿಗುತ್ತದೆ. ಇನ್ನೊಂದು ಗಂಟೆಗಳ ಇಲ್ಲವೆ ದಿನಗಳ ನಂತರ ಲೋಳೆ, ರಕ್ತದ ಎಳೆ, ವಾಂತಿ, ಇಸುಬಿನ ರೂಪದಲ್ಲಿ ಬರುವಂಥದು. ಈ ಎರಡನೆಯದರಲ್ಲಿ ಆ ಪರೀಕ್ಷೆಗಳು ಸಾಮಾನ್ಯವಾಗಿ ಏನನ್ನೂ ತೋರಿಸುವುದಿಲ್ಲ. ಹಾಲಿನ ಪ್ರೋಟೀನನ್ನು ಎರಡರಿಂದ ನಾಲ್ಕು ವಾರ ಪೂರ್ತಿ ಬಿಟ್ಟು, ಸರಿಹೋದ ಮೇಲೆ ಮತ್ತೆ ಕೊಟ್ಟು ನೋಡುವುದೇ ಇದರ ಪರೀಕ್ಷೆ. ನೂರು ಪದಾರ್ಥಗಳ ಅಲರ್ಜಿಯನ್ನು ಒಂದೇ ರಕ್ತದ ಹನಿಯಲ್ಲಿ ಹೇಳುತ್ತೇವೆನ್ನುವ ದುಬಾರಿ ಪರೀಕ್ಷೆಗಳಿಗೆ ಹಣ ಹಾಕಬೇಡಿ, ಆ ಹಣ ಹಾಲಿಗೇ ಬೇಕಾಗುತ್ತದೆ.

ಲ್ಯಾಕ್ಟೋಸನ್ನಷ್ಟೇ ತೆಗೆದ ಹಾಲಿನ ಡಬ್ಬಿಯಲ್ಲಿ ಆಕಳ ಹಾಲಿನ ಪ್ರೋಟೀನು ಇದ್ದೇ ಇರುತ್ತದೆ, ಆದ್ದರಿಂದ ಅಲರ್ಜಿಯ ಕೂಸಿಗೆ ಅದು ಪ್ರಯೋಜನಕ್ಕೆ ಬಾರದು. ನಮ್ಮ ಮೂರನೆಯ ಡಬ್ಬಿ ಅದೇ ಆಗಿತ್ತು.

ಹೆಜ್ಜೆ 4: ಎದೆಹಾಲಿಗೆ ಮರಳಲು ಸಾಧ್ಯವೇ ನೋಡಿ

ಡಬ್ಬಿ ಹಾಲು ಒಗ್ಗದ ಕೂಸಿಗೆ ಅತ್ಯುತ್ತಮ ಹಾಲು ತಾಯಿಯದೇ. ಹಾಲು ಕಡಿಮೆಯಾಗಿದ್ದರೂ, ನಿಂತು ಕೆಲವು ವಾರಗಳಾಗಿದ್ದರೂ, ಮತ್ತೆ ಬರಿಸಲು ಆಗುತ್ತದೆ. ದಿನಕ್ಕೆ ಎಂಟರಿಂದ ಹನ್ನೆರಡು ಸಲ, ರಾತ್ರಿಯೂ ಸೇರಿ, ಕೂಸನ್ನು ಎದೆಗೆ ಹಚ್ಚಬೇಕು. ಚೀಪಲು ಬೇಸರಪಡುವ ಕೂಸಿಗೆ ಮೊಲೆಯ ಮೇಲಿಂದ ಹಾಲನ್ನು ಹನಿಹನಿಯಾಗಿ ಇಳಿಸುತ್ತ ಹೋದರೆ ಅದು ಮೊಲೆ ಬಿಡುವುದಿಲ್ಲ, ಚೀಪಿದಂತೆ ಎದೆಯಲ್ಲಿ ಹಾಲೂ ಹೆಚ್ಚುತ್ತದೆ. ಹನಿಸುವ ಹಾಲು ಕೂಸಿಗೆ ಒಗ್ಗುವಂಥದಾಗಿರಲಿ. ಸರಿಯಾದ ಭಂಗಿಯನ್ನು ಆಶಾ ಕಾರ್ಯಕರ್ತೆ ಅಥವಾ ಹೆರಿಗೆ ವಾರ್ಡಿನ ನರ್ಸ್ ಪಕ್ಕದಲ್ಲಿ ಕುಳಿತು ತೋರಿಸಿದರೆ ಎರಡು ದಿನದಲ್ಲಿ ರೂಢಿಯಾಗುತ್ತದೆ. ನನಗೆ ಪೂರ್ತಿ ಹಾಲು ಮರಳಲಿಲ್ಲ, ಅರ್ಧ ಮರಳಿತು. ಆ ಅರ್ಧದಿಂದಲೇ ದುಬಾರಿ ಡಬ್ಬಿಯ ಖರ್ಚು ಅರ್ಧಕ್ಕಿಳಿಯಿತು.

ಕೆಲವು ಕೂಸುಗಳಿಗೆ ತಾಯಿ ತಿಂದ ಹಾಲಿನ ಪ್ರೋಟೀನು ಎದೆಹಾಲಿನ ಮೂಲಕ ಬಂದರೂ ಒಗ್ಗುವುದಿಲ್ಲ. ಎದೆಹಾಲನ್ನಷ್ಟೇ ಕುಡಿದಾಗಲೂ ಲಕ್ಷಣ ಇದ್ದರೆ ಮಾತ್ರ, ಡಾಕ್ಟರು ಹೇಳಿದ ಮೇಲೆ, ತಾಯಿ ತನ್ನ ಊಟದಲ್ಲಿ ಎರಡರಿಂದ ನಾಲ್ಕು ವಾರ ಹಾಲು ಬಿಡಬೇಕು. ನಮ್ಮ ಕಡೆಯ ಬಾಣಂತಿಗೆ ಇದು ಕಷ್ಟದ ವ್ರತ. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಖೋವಾ, ಪೇಡೆ ಅಷ್ಟೇ ಅಲ್ಲ, ತುಪ್ಪದಲ್ಲೂ ಪ್ರೋಟೀನಿನ ಅಂಶ ಉಳಿದಿರುತ್ತದೆ. ಅಂಟಿನ ಉಂಡಿಗೆ ಅಂಟನ್ನು ಎಣ್ಣೆಯಲ್ಲಿ ಹುರಿಯಬಹುದು, ಅಳವಿಯ ಪಾಯಸವನ್ನು ತೆಂಗಿನ ಹಾಲಿನಲ್ಲಿ ಮಾಡಬಹುದು, ಮಜ್ಜಿಗೆಯ ಬದಲು ಹೆಸರುಬೇಳೆಯ ಕಟ್ಟು ಉಣ್ಣಬಹುದು. ರಾಗಿ, ಎಳ್ಳು, ನುಗ್ಗೆಸೊಪ್ಪು ದಿನಾಲೂ ಇರಲಿ, ಜೊತೆಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆಯನ್ನು ಡಾಕ್ಟರಿಂದ ಬರೆಸಿಕೊಳ್ಳಿ. ನಾಲ್ಕು ವಾರದಲ್ಲಿ ಕೂಸಿನಲ್ಲಿ ಏನೂ ಬದಲಾಗದಿದ್ದರೆ ತಾಯಿ ಮೊದಲಿನಂತೆ ಉಣ್ಣಬೇಕು. ಸುಮ್ಮನೆ ತಿಂಗಳುಗಟ್ಟಲೆ ಪಥ್ಯ ಮಾಡಿ ಬಾಣಂತಿ ಸೊರಗುವುದು ಯಾರಿಗೂ ಒಳ್ಳೆಯದಲ್ಲ.

ಹೆಜ್ಜೆ 5: ಅಲರ್ಜಿಯ ಕೂಸಿಗೆ ಯಾವ ಹಾಲು, ಯಾವುದು ಅಲ್ಲ

ಡಾಕ್ಟರು ಮೊದಲು ಬರೆಯುವುದು ಪ್ರೋಟೀನನ್ನು ಬಹಳ ಸಣ್ಣ ತುಣುಕುಗಳಾಗಿ ಒಡೆದ ಪುಡಿ. ಡಬ್ಬಿಯ ಮೇಲೆ 'ಎಕ್ಸ್‌ಟೆನ್ಸಿವ್ಲಿ ಹೈಡ್ರೊಲೈಸ್ಡ್' ಎಂದಿರುತ್ತದೆ, ಈ ಎರಡು ಪದಗಳನ್ನು ಕಣ್ಣಿಟ್ಟು ಓದಿ. 'ಪಾರ್ಷಿಯಲಿ ಹೈಡ್ರೊಲೈಸ್ಡ್' ಎಂದಿರುವುದು, 'ಕಂಫರ್ಟ್' ಎಂದು ಕರೆಯುವುದು ಅರ್ಧ ಒಡೆದ ಪ್ರೋಟೀನಿನವು. ಅಲರ್ಜಿ ಇದ್ದ ಕೂಸಿಗೆ ಅವು ಸಾಲವು. ಸಣ್ಣ ತುಣುಕುಗಳಾಗಿ ಒಡೆದ ಪುಡಿಯೂ ಒಗ್ಗದ ಕೆಲವೇ ಕೂಸುಗಳಿಗೆ, ಅಥವಾ ಮೊದಲೇ ತೀವ್ರ ಪ್ರತಿಕ್ರಿಯೆಯಾದವಕ್ಕೆ, ಅಮೈನೊ ಆಮ್ಲಗಳಿಂದಲೇ ಮಾಡಿದ ಪುಡಿ ಬೇಕಾಗುತ್ತದೆ.

ಸೋಯಾ ಪುಡಿ ಅಗ್ಗ, ನಮ್ಮ ಪೇಟೆಗಳಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಹಾಲು ಒಗ್ಗದ ಕೂಸುಗಳಲ್ಲಿ ಕೆಲವಕ್ಕೆ ಸೋಯಾವೂ ಒಗ್ಗುವುದಿಲ್ಲ, ಆರು ತಿಂಗಳೊಳಗಿನವರಿಗೆ ಅದನ್ನು ಮೊದಲ ಆಯ್ಕೆಯಾಗಿ ಕೊಡುವುದಿಲ್ಲ, ಅವಧಿಗೆ ಮುಂಚೆ ಹುಟ್ಟಿದ ಕೂಸಿಗೆ ಅದು ತಕ್ಕುದಲ್ಲ. ಆರು ತಿಂಗಳ ನಂತರ, ದುಬಾರಿ ಡಬ್ಬಿ ಕೊಳ್ಳಲಾಗದ ಮನೆಯವರಿಗೆ, ಡಾಕ್ಟರ ಒಪ್ಪಿಗೆಯಿಂದ ಅದೊಂದು ದಾರಿ.

"ಎಮ್ಮಿ ಹಾಲಿಗೆ ನೀರ ಬೆರಸಿ ಕುಡಸವ್ವಾ, ನನ್ನ ನಾಕೂ ಮಕ್ಕಳನ್ನ ಹಂಗ ಬೆಳಸೇನಿ" ಎಂದು ನಮ್ಮ ಅತ್ತೆಯವರು ಪ್ರೀತಿಯಿಂದಲೇ ಹೇಳಿದರು. ಎಮ್ಮೆ, ಆಡು, ಕುರಿಗಳ ಹಾಲಿನ ಪ್ರೋಟೀನು ಆಕಳ ಹಾಲಿನದಕ್ಕೆ ತೀರ ಹತ್ತಿರವಿರುವುದರಿಂದ ಒಂದು ಒಗ್ಗದ ಕೂಸಿಗೆ ಸಾಮಾನ್ಯವಾಗಿ ಇನ್ನೊಂದೂ ಒಗ್ಗುವುದಿಲ್ಲ ಎಂದು ನಾನು ಅವರಿಗೆ ತಿಳಿಸಿ ಹೇಳಬೇಕಾಯಿತು. ಆಡಿನ ಹಾಲಿನಲ್ಲಿ ಫೋಲೇಟ್ ಬಹಳ ಕಡಿಮೆ, ಅದನ್ನೇ ಕುಡಿದು ಬೆಳೆದ ಕೂಸಿಗೆ ರಕ್ತಹೀನತೆ ಬರುತ್ತದೆ. ಅಲರ್ಜಿ ಇಲ್ಲದ ಕೂಸಿಗೂ ವರ್ಷದೊಳಗೆ ಆಕಳ ಅಥವಾ ಎಮ್ಮೆಯ ಹಾಲು ಮುಖ್ಯ ಆಹಾರವಾಗಬಾರದು. ಓಣಿಯಲ್ಲಿ ಕತ್ತೆ ಹೊಡೆದುಕೊಂಡು ಬಂದು, ಎದುರಿಗೇ ಕರೆದು ಒಳಲೆಯಷ್ಟು ಕೊಡುವ ಹಾಲನ್ನು ಕಫಕ್ಕೂ ಹೊಟ್ಟೆನೋವಿಗೂ ಒಳ್ಳೆಯದೆಂದು ಈಗಲೂ ಕುಡಿಸುವವರಿದ್ದಾರೆ. ಅದು ಕುದಿಸದ ಹಸಿ ಹಾಲು, ಎಳೆಗೂಸಿನ ಬಾಯಿಗೆ ಹಾಕುವುದು ಅಪಾಯ. ಅಕ್ಕಿ ಗಂಜಿ, ರಾಗಿ ಮಣ್ಣಿ, ಬಾದಾಮಿ ಹಾಲು ಆರು ತಿಂಗಳೊಳಗೆ ಎದೆಹಾಲಿನ ಅಥವಾ ಪುಡಿಯ ಜಾಗವನ್ನು ತುಂಬಲಾರವು.

ಹೆಜ್ಜೆ 6: ಹೊಸ ಹಾಲಿಗೆ ಒಗ್ಗಿಸುವುದು

ಒಡೆದ ಪ್ರೋಟೀನಿನ ಹಾಲು ಕಹಿಯಾಗಿರುತ್ತದೆ, ವಾಸನೆಯೂ ಬೇರೆ. ನಾಲಿಗೆಗೆ ಹಚ್ಚಿಕೊಂಡು ನೋಡಿ, ಕೂಸು ಯಾಕೆ ಮುಖ ತಿರುಗಿಸುತ್ತದೆಂದು ತಿಳಿಯುತ್ತದೆ. ಎರಡು ಮೂರು ತಿಂಗಳೊಳಗಿನ ಕೂಸು ಹೆಚ್ಚು ತಕರಾರಿಲ್ಲದೆ ಒಪ್ಪುತ್ತದೆ. ದೊಡ್ಡ ಕೂಸಿಗೆ, ಲಕ್ಷಣ ಸೌಮ್ಯವಾಗಿದ್ದು ಡಾಕ್ಟರು ಒಪ್ಪಿದರೆ, ಹಳೆಯ ಹಾಲಿನಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಮೂರ್ನಾಲ್ಕು ದಿನದಲ್ಲಿ ಪೂರ್ತಿ ಬದಲಿಸಬಹುದು. ಎರಡನ್ನೂ ಬೇರೆ ಬೇರೆಯಾಗಿ ಅವವುಗಳ ಲೆಕ್ಕದಂತೆ ಬೆರೆಸಿಕೊಂಡು ಆಮೇಲೆ ಕೂಡಿಸಬೇಕು. ಗಂಧೆ, ಬಾವು, ಉಬ್ಬಸ ಬಂದ ಕೂಸಿಗೆ ಹಳೆಯ ಹಾಲಿನ ಒಂದು ಹನಿಯೂ ಬೇಡ, ಆ ದಿನವೇ ಬದಲಿಸಬೇಕು.

ಹೊಸ ಹಾಲಿನ ಮೇಲೆ ಮಲ ಕಡುಹಸಿರಾಗಿ ಗಬ್ಬು ನಾರುವುದು ಸಹಜ, ಹೆದರಿ ನಿಲ್ಲಿಸಬೇಡಿ. ಅಳು, ವಾಂತಿ ಕೆಲವು ದಿನಗಳಲ್ಲೇ ಇಳಿಯತೊಡಗುತ್ತವೆ; ರಕ್ತ ಪೂರ್ತಿ ನಿಲ್ಲಲು ಎರಡು ವಾರ, ಇಸುಬು ಒಣಗಲು ನಾಲ್ಕು ವಾರದವರೆಗೂ ಬೇಕಾಗಬಹುದು. ಮೂರನೆಯ ದಿನಕ್ಕೇ ಗುಣವಿಲ್ಲವೆಂದು ಮತ್ತೆ ಡಬ್ಬಿ ಬದಲಿಸಿದರೆ ಎಲ್ಲ ಮೊದಲಿನಿಂದ ಆರಂಭವಾಗುತ್ತದೆ.

ಈ ಡಬ್ಬಿಗಳು ಸಾಮಾನ್ಯ ಪುಡಿಗಿಂತ ಹಲವು ಪಟ್ಟು ದುಬಾರಿ, ಸಣ್ಣ ಊರಿನ ಅಂಗಡಿಗಳಲ್ಲಿ ಇಟ್ಟಿರುವುದಿಲ್ಲ. ನರಗುಂದ, ಸವಣೂರು, ಬ್ಯಾಡಗಿಯಂಥ ಊರಿನವರು ಡಬ್ಬಿ ಅರ್ಧವಾದಾಗಲೇ ಹುಬ್ಬಳ್ಳಿಯಿಂದ ತರಿಸಲು ಹೇಳಬೇಕು. ಮುಗಿದ ದಿನ ಹುಡುಕಿದರೆ ಅಂಗಡಿಯವರು ಹತ್ತಿರದ ಇನ್ನೊಂದನ್ನು ಕೈಗೆ ಕೊಡುತ್ತಾರೆ. ತೆರೆದ ಡಬ್ಬಿ ಎಷ್ಟು ದಿನ ಬಾಳುತ್ತದೆಂಬುದು ಅದರ ಮೇಲೆಯೇ ಇರುತ್ತದೆ, ತೆರೆದ ತಾರೀಖನ್ನು ಮುಚ್ಚಳದ ಮೇಲೆ ಬರೆಯಿರಿ. ಖರ್ಚು ತಡೆಯದೆ ತೆಳ್ಳಗೆ ಬೆರೆಸುವ ಯೋಚನೆ ಬಂದರೆ, ಹಾಗೆ ಮಾಡುವ ಮೊದಲು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಇಂಥ ಮಾತು ಹೇಳಲು ನಾನು ನಾಚಿದ್ದೆ, ನಾಚಬಾರದಿತ್ತು.

ಲಸಿಕೆಗಳನ್ನು ಈ ಕಾರಣಕ್ಕೆ ಮುಂದೂಡಬಾರದು. ಅಲರ್ಜಿ ಇರುವುದನ್ನು ನರ್ಸ್‌ಗೆ ಹೇಳಿ ಹಾಕಿಸಿ. ದಿನಕ್ಕೆ 400 ಐಯು ವಿಟಮಿನ್ ಡಿ ಹನಿಗಳನ್ನು ಕುಡಿಸುತ್ತಿದ್ದರೆ, ಈ ಪುಡಿಯೊಂದಿಗೆ ಮುಂದುವರಿಸಬೇಕೇ ಎಂದು ಕೇಳಿಕೊಳ್ಳಿ.

ಹೆಜ್ಜೆ 7: ಮತ್ತೆ ಕೊಟ್ಟು ನೋಡುವುದು

ಕೂಸು ಸರಿಹೋಗಿದೆ, ಈಗ ಹಳೆಯ ಹಾಲನ್ನು ಮತ್ತೆ ಏಕೆ ಕೊಡಬೇಕು ಎಂದು ಮನೆಯವರೆಲ್ಲ ಕೇಳುತ್ತಾರೆ. ತಾನಾಗಿ ಹೋದ ತೊಂದರೆಯನ್ನು ಅಲರ್ಜಿಯೆಂದು ತಿಳಿದು ವರ್ಷಗಟ್ಟಲೆ ಹಾಲು ಬಿಡಿಸುವುದು ತಪ್ಪಬೇಕಾದರೆ ಈ ಹೆಜ್ಜೆ ಬೇಕು. ತಡವಾಗಿ ಬರುವ ಸೌಮ್ಯ ಲಕ್ಷಣವಿದ್ದ ಕೂಸಿಗೆ ಡಾಕ್ಟರು ಸಾಮಾನ್ಯವಾಗಿ ದಿನದ ಮೊದಲ ಬಾಟಲಿಯಲ್ಲಿ 30 ಮಿ.ಲೀ.ನಷ್ಟು ಹಳೆಯ ಹಾಲು ಸೇರಿಸಿ, ದಿನದಿಂದ ದಿನಕ್ಕೆ ಹೆಚ್ಚಿಸುತ್ತ ಒಂದು ವಾರ ನೋಡಲು ಹೇಳುತ್ತಾರೆ. ಲಕ್ಷಣ ಮರಳಿದರೆ ಅಂದೇ ನಿಲ್ಲಿಸಬೇಕು, ಅಲರ್ಜಿ ಖಚಿತವಾದಂತೆ. ನಮ್ಮ ಮಗಳಿಗೆ ನಾಲ್ಕನೆಯ ದಿನ ಆ ಕೆಂಪು ಎಳೆಗಳು ಮತ್ತೆ ಕಂಡವು. ತಕ್ಷಣದ ಪ್ರತಿಕ್ರಿಯೆ ಇದ್ದ ಕೂಸಿಗೂ, ವಾಂತಿಯಾಗಿ ಮಂಕಾಗಿದ್ದ ಕೂಸಿಗೂ ಇದನ್ನು ಮನೆಯಲ್ಲಿ ಮಾಡಲೇಬಾರದು, ಆಸ್ಪತ್ರೆಯಲ್ಲಿಯೇ ಆಗಬೇಕು.

ಹೆಜ್ಜೆ 8: ಆರು ತಿಂಗಳ ನಂತರದ ಊಟ

ಅನ್ನ ಮುಟ್ಟಿಸುವುದನ್ನು ಅಲರ್ಜಿಯ ಭಯದಿಂದ ತಡ ಮಾಡಬೇಡಿ. ರಾಗಿ ಮಣ್ಣಿಯನ್ನು ನೀರಿನಲ್ಲೋ ಕೂಸು ಕುಡಿಯುವ ವಿಶೇಷ ಹಾಲಿನಲ್ಲೋ ಮಾಡಿ. ಹೆಸರುಬೇಳೆ ಅನ್ನ, ನವಣಕ್ಕಿ ಗಂಜಿ, ಬೇಯಿಸಿದ ಗೆಣಸು, ಬಾಳೆಹಣ್ಣು, ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ, ಎಲ್ಲವೂ ಒಂದೊಂದಾಗಿ ಎರಡು ಮೂರು ದಿನದ ಅಂತರದಲ್ಲಿ ಬರಲಿ. ಶೇಂಗಾವನ್ನು ನುಣ್ಣಗೆ ಅರೆದು ಗಂಜಿಗೆ ಬೆರೆಸಿಯೇ ಕೊಡಬೇಕು, ಕಾಳು ಗಂಟಲಿಗೆ ಸಿಕ್ಕುತ್ತದೆ. ತೀವ್ರ ಇಸುಬು ಇದ್ದ ಕೂಸಿಗೆ ಶೇಂಗಾ, ಮೊಟ್ಟೆ ಕೊಡುವ ಮೊದಲು ಡಾಕ್ಟರನ್ನು ಕೇಳಿ.

ಹಾಲು ಅಡಗಿರುವ ಪದಾರ್ಥಗಳೇ ಈಗ ಹೆಚ್ಚು ತೊಂದರೆ ಕೊಡುವವು: ಬಿಸ್ಕತ್ತು, ಬ್ರೆಡ್ಡು, ಖಾರಿ, ಡಬ್ಬಿಯ ಸಿರಿಧಾನ್ಯ ಪುಡಿ, ಚಾಕಲೇಟು. ಹಿಂಬದಿಯಲ್ಲಿ ಹಾಲಿನ ಘನಾಂಶ, ಸ್ಕಿಮ್ಡ್ ಮಿಲ್ಕ್ ಪೌಡರ್, ವೇ, ಕೇಸಿನ್ ಎಂಬ ಪದಗಳನ್ನು ಹುಡುಕಿ. ಅಂಗನವಾಡಿಯಿಂದ ಬರುವ ಪೊಟ್ಟಣವನ್ನೂ ಹಾಗೆಯೇ ಓದಿ, ಮುಂದೆ ಕ್ಷೀರಭಾಗ್ಯದ ಹಾಲನ್ನು ಈ ಮಗುವಿಗೆ ಕೊಡಬಾರದೆಂದು ಟೀಚರಿಗೆ ಚೀಟಿ ಬರೆದು ಕೊಡಿ, ಬಾಯಿಮಾತು ಮರೆತುಹೋಗುತ್ತದೆ. ಮದುವೆ, ಕುಬುಸ, ತೊಟ್ಟಿಲ ಕಾರ್ಯಗಳಲ್ಲಿ ಯಾರೋ ಒಬ್ಬರು ಅಕ್ಕರೆಯಿಂದ ಪೇಡೆಯ ಚೂರನ್ನು ಕೂಸಿನ ಬಾಯಿಗೆ ಇಡುತ್ತಾರೆ. ಕೂಸನ್ನು ಎತ್ತಿಕೊಳ್ಳುವವರಿಗೆ ಮೊದಲೇ ಹೇಳುವುದು ಬಿಟ್ಟರೆ ಇದಕ್ಕೆ ಬೇರೆ ಉಪಾಯ ನನಗೆ ಸಿಗಲಿಲ್ಲ.

ಹೆಜ್ಜೆ 9: ಹಾಲಿನ ಮೆಟ್ಟಿಲು

ಹೆಚ್ಚಿನ ಮಕ್ಕಳಲ್ಲಿ ಈ ಅಲರ್ಜಿ ಮೂರರಿಂದ ಐದು ವರ್ಷದೊಳಗೆ ಹೋಗುತ್ತದೆ, ತಡವಾಗಿ ಬರುವ ಬಗೆಯದು ಎಷ್ಟೋ ವೇಳೆ ಇನ್ನೂ ಬೇಗ. ಒಂಬತ್ತರಿಂದ ಹನ್ನೆರಡು ತಿಂಗಳ ವಯಸ್ಸಿನಲ್ಲಿ, ಹಾಲು ಬಿಟ್ಟು ಕನಿಷ್ಠ ಆರು ತಿಂಗಳಾದ ಮೇಲೆ, ಡಾಕ್ಟರು ಸೌಮ್ಯ ಬಗೆಯ ಮಕ್ಕಳನ್ನು ಮೆಟ್ಟಿಲು ಹತ್ತಿಸುತ್ತಾರೆ. ಗೋಧಿಹಿಟ್ಟಿನೊಂದಿಗೆ ಹೆಚ್ಚು ಹೊತ್ತು ಬೆಂದ ಹಾಲಿನ ಪ್ರೋಟೀನು ಸುಲಭವಾಗಿ ಒಗ್ಗುವುದರಿಂದ ಮೊದಲ ಮೆಟ್ಟಿಲು ಸ್ವಲ್ಪವೇ ಹಾಲಿರುವ ಬಿಸ್ಕತ್ತಿನ ಚೂರು, ಆಮೇಲೆ ಕೇಕಿನಂಥವು, ಕೊನೆಗೆ ಮೊಸರು ಮತ್ತು ಕಾಸಿದ ಹಾಲು. ಜ್ವರ, ನೆಗಡಿ, ಭೇದಿ ಇದ್ದ ವಾರ ಹೊಸ ಮೆಟ್ಟಿಲು ಬೇಡ. ಒಂದು ಮೆಟ್ಟಿಲಿನಲ್ಲಿ ಲಕ್ಷಣ ಬಂದರೆ ಹಿಂದಿನ ಮೆಟ್ಟಿಲಿಗೆ ಇಳಿದು ಅಲ್ಲೇ ಕೆಲವು ತಿಂಗಳು ನಿಲ್ಲಬೇಕು. ನಮ್ಮ ಮಗಳು ಬಿಸ್ಕತ್ತಿನ ಮೆಟ್ಟಿಲನ್ನು ಹದಿಮೂರನೆಯ ತಿಂಗಳಿಗೆ ದಾಟಿದಳು. ಮೊಸರಿನಲ್ಲಿ ಎರಡು ಸಲ ಹಿಂದಕ್ಕೆ ಬಂದು, ಎರಡು ವರ್ಷ ಒಂದು ತಿಂಗಳಿಗೆ ಮೊದಲ ಬಾರಿ ಅರ್ಧ ವಾಟಿ ಮೊಸರನ್ನ ಉಂಡಳು, ಮರುದಿನದ ಮಲವನ್ನೂ ನಾನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.